ಕಟ್ಟೆ ಬಿಟ್ಟು ಏಳಿ, ಯಜಮಾನರೇ!

ಚಿಗಟೇರಿಯಲ್ಲಾಗಲಿ, ಸುತ್ತಲ ಹಳ್ಳಿಗಳಲ್ಲಾಗಲಿ ಅರವತ್ತು ದಾಟಿದವರನ್ನು ಮಾತಾಡಿಸಿ ನೋಡಿ. ಎರಡು ದೂರು ತಪ್ಪದೆ ಬರುತ್ತವೆ. ‘ರಾತ್ರಿ ಕಣ್ಣಿಗೆ ಕಣ್ಣು ಹತ್ತಂಗಿಲ್ಲಪ್ಪ’ ಅನ್ನೋದು ಒಂದು. ‘ಎಲ್ಲಿಟ್ಟೆ ಅಂತ ನೆನಪಾಗವಲ್ದು’ ಅನ್ನೋದು ಇನ್ನೊಂದು. ಮನೆಯವರದು ಒಂದೇ ಉತ್ತರ: ಅರವತ್ತಕ್ಕೆ ಅರಳು ಮರಳು. ಆದರೆ ಆ ಯಜಮಾನರು ದಿನಕ್ಕೆ ಎಷ್ಟು ನಡೆಯುತ್ತಾರೆ ಅಂತ ಯಾರಾದರೂ ಕೇಳಿದ್ದಾರೆಯೇ?

ಹೊಲಕ್ಕೆ ಹೋಗಿ ಬಂದು ಗಟ್ಟಿಯಾದ ಕಾಲುಗಳವು. ಈಗ ಮೆಕ್ಕೆಜೋಳದ ಹೊಲಕ್ಕೆ ಟ್ರ್ಯಾಕ್ಟರ್ ಹೋಗುತ್ತೆ, ಮಗ ಬೈಕಿನಲ್ಲಿ ಹೋಗುತ್ತಾನೆ. ಅಪ್ಪ ಹೊರಟರೆ ‘ಸುಮ್ನೆ ಕುಂದ್ರು, ಮಂದಿ ಏನಂತಾರೆ’ ಎಂಬ ಗದರಿಕೆ. ಮುದಿ ತಂದೆ ಕೈಕಾಲು ಆಡಿಸಿದರೆ ಮಗನ ಮರ್ಯಾದೆ ಹೋಗುತ್ತದಂತೆ! ನಲವತ್ತು ವರ್ಷ ದುಡಿದ ದೇಹವನ್ನು ಒಮ್ಮೆಲೇ ಕಟ್ಟೆಗೆ ಕೂರಿಸುವುದು ಯಾವ ಸೇವೆಯೋ? ಅಲ್ಲೇ ಚಹಾ, ಅಲ್ಲೇ ಬೀಡಿ, ಅಲ್ಲೇ ತೂಕಡಿಕೆ. ಹಗಲೆಲ್ಲ ಮಲಗಿದವರಿಗೆ ರಾತ್ರಿ ನಿದ್ದೆ ಎಲ್ಲಿಂದ ಬರಬೇಕು ಸ್ವಾಮಿ? ನಮ್ಮೂರ ದೇವರೇ ನಾರದಮುನಿ, ಮೂರು ಲೋಕ ಸುತ್ತುವವನು. ಅವನ ಭಕ್ತರು ಮಾತ್ರ ಕೂತಲ್ಲೇ!

ಇದು ಬರೀ ಬಾಯಿಮಾತಲ್ಲ. ಅಮೆರಿಕದಲ್ಲಿ 120 ಮಂದಿ ವೃದ್ಧರ ಮೇಲೆ ಒಂದು ವರ್ಷ ನಡೆದ ಪ್ರಯೋಗದ ಫಲ 2011ರಲ್ಲಿ ಪ್ರಕಟವಾಯಿತು. ವಾರಕ್ಕೆ ಮೂರು ದಿನ, ನಲವತ್ತು ನಿಮಿಷ ಬಿರುಸಾಗಿ ನಡೆದವರ ಮಿದುಳಿನಲ್ಲಿ ನೆನಪು ಕೂಡಿಡುವ ಹಿಪೊಕ್ಯಾಂಪಸ್ ಎಂಬ ಭಾಗ ಶೇಕಡಾ 2ರಷ್ಟು ಬೆಳೆದಿತ್ತು. ಬರೀ ಮೈ ಚಾಚುವ ಕಸರತ್ತು ಮಾಡಿದವರಲ್ಲಿ ಅದು ಕುಗ್ಗಿತ್ತು. 2024ರಲ್ಲಿ ಲಂಡನ್ನಿನವರು 50ರಿಂದ 83ರ ವಯಸ್ಸಿನ 76 ಮಂದಿಯನ್ನು ನೋಡಿದರು. ಹಿಂದಿನ ದಿನ ಚುರುಕಾಗಿ ಓಡಾಡಿದವರಿಗೆ, ಆರು ತಾಸಾದರೂ ನಿದ್ದೆ ಮಾಡಿದವರಿಗೆ ಮರುದಿನ ನೆನಪು ಚೆನ್ನಾಗಿತ್ತು. 76 ಮಂದಿ ಅಂದರೆ ನಮ್ಮೂರ ಒಂದು ಓಣಿ, ಅಷ್ಟರಿಂದಲೇ ಎಲ್ಲ ಸಾಬೀತಾಯಿತು ಅನ್ನಲಾಗದು. ಹಾಗಂತ ತಳ್ಳಿಹಾಕುವ ಮಾತೂ ಅಲ್ಲ. ಹಳ್ಳಿಯವರ ಮರೆವು ದೊಡ್ಡ ವಿಷಯ ಅಂತ ತಿಳಿದೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರ ಕೋಲಾರ ಜಿಲ್ಲೆ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ದಾಟಿದವರನ್ನು ವರ್ಷಗಟ್ಟಲೆ ತಪಾಸಣೆ ಮಾಡುತ್ತಿದೆ.

ನಿದ್ದೆಗೆ ಗುಳಿಗೆ ಸುಲಭ ಅನ್ನುವವರುಂಟು. ವೈದ್ಯರ ಚೀಟಿ ಇಲ್ಲದೆ ನುಂಗುವ ನಿದ್ದೆಗುಳಿಗೆ ಮುದುಕರಲ್ಲಿ ಮರೆವನ್ನು ಹೆಚ್ಚಿಸಬಹುದು, ನಡುರಾತ್ರಿ ಎದ್ದಾಗ ತೂರಾಡಿಸಿ ಕೆಡವಬಹುದು. ಸೊಂಟ ಮುರಿದರೆ ದಾವಣಗೆರೆಗೆ ಓಡಬೇಕು. (ಅಲ್ಲಿನ ಜಿಲ್ಲಾ ಆಸ್ಪತ್ರೆಗೆ ಚಿಗಟೇರಿಯದೇ ಹೆಸರು, ಹಾಗಂತ ಅಲ್ಲಿಗೇ ಹೋಗಬೇಕೆಂದೇನಿಲ್ಲ!) ಮನೆ ದಾರಿ, ಮಕ್ಕಳ ಹೆಸರೇ ಮರೆಯುತ್ತಿದ್ದರೆ ಮಾತ್ರ ತಡಮಾಡದೆ ವೈದ್ಯರಿಗೆ ತೋರಿಸಿ.

ಸರಿ, ನಡೆಯೋದಾದರೂ ಎಲ್ಲಿ? ರಸ್ತೆಗಿಳಿದರೆ ಲಾರಿ, ಬೈಕು. ಕತ್ತಲಾದರೆ ನಾಯಿಗಳು. ಅಮ್ಮಂದಿರಿಗಂತೂ ಹೊಸಿಲು ದಾಟಲು ಒಂದು ನೆಪ ಬೇಕು. ಪಂಚಾಯ್ತಿಯವರು ಮನಸ್ಸು ಮಾಡಿದರೆ ಶಾಲೆ ಮೈದಾನವನ್ನು ಬೆಳಗ್ಗೆ-ಸಂಜೆ ಒಂದೊಂದು ತಾಸು ಹಿರಿಯರಿಗೆ ಬಿಡಿಸಿಕೊಡಬಹುದು. ಗುಡಿಯ ದಾರಿಗೆ ಒಳ್ಳೇ ಬೆಳಕು, ನಡುವೆ ಕೂರಲು ಎರಡು ಕಲ್ಲುಬೆಂಚು. ಇದಕ್ಕೆ ಲಕ್ಷಗಟ್ಟಲೆ ಬೇಕಿಲ್ಲ. ಮುಂದಿನ ಗ್ರಾಮಸಭೆಯಲ್ಲಿ ಚರಂಡಿ, ಮನೆ ಅರ್ಜಿಗಳ ಜೊತೆ ಇದನ್ನೂ ಕೊಡಿ. ನಾಲ್ಕು ಮಂದಿ ಯಜಮಾನರು ಸೇರಿ ನಡಕೊಂಡೇ ಹೋಗಿ ಕೊಟ್ಟರೆ ಇನ್ನೂ ಒಳ್ಳೇದು.