ಬಿಳಿ ಮೆಣಸು, ಕರಿ ಮೆಣಸು
ಒಂದೇ ಒಲೆ, ಇಬ್ಬರು ಘಟಾನುಘಟಿ ಬಾಣಸಿಗರು. ತಕರಾರು ಮಾತ್ರ ಕಾಳುಮೆಣಸಿನದು! ಅಮೆರಿಕದ ಪಿಬಿಎಸ್ ವಾಹಿನಿಗಾಗಿ 1999ರಲ್ಲಿ ಜೂಲಿಯಾ ಚೈಲ್ಡ್ ಮತ್ತು ಜಾಕ್ ಪೆಪೆನ್ ಜೊತೆಯಾಗಿ ಸೌಟು ಹಿಡಿದಾಗ ಜೂಲಿಯಾಗೆ ಬಿಳಿ ಮೆಣಸೇ ಬೇಕಿತ್ತು, ಜಾಕ್‌ಗೆ ಕರಿ ಮೆಣಸೇ ಆಗಬೇಕಿತ್ತು. ಉಪ್ಪಿನಲ್ಲೂ ಒಮ್ಮತವಿಲ್ಲ: ಜೂಲಿಯಾ ಸಾದಾ ಪುಡಿಯುಪ್ಪಿನವರು, ಜಾಕ್ ಹರಳು ಹರಳಾದ ಕೋಷರ್ ಉಪ್ಪಿನವರು. ಇಬ್ಬರದೂ ಫ್ರೆಂಚ್ ಅಡುಗೆಯೇ, ಆದರೆ ಕಲಿತ ದಾರಿ ಬೇರೆ. ಫ್ರಾನ್ಸಿನಲ್ಲೇ ಹುಟ್ಟಿದ ಜಾಕ್ 13ನೇ ವಯಸ್ಸಿಗೇ ಹೋಟೆಲಿನ ಅಡುಗೆಮನೆ ಸೇರಿ, ಮುಂದೆ ಅಲ್ಲಿನ ನಾಯಕ ಶಾರ್ಲ್ ದ ಗಾಲ್ ಅವರಿಗೂ ಅಡುಗೆ ಮಾಡಿದವರು. ಆ ಪಳಗಿದ ಕೈಯಲ್ಲಿ ಚಾಕು ಸದ್ದಿಲ್ಲದೆ ಓಡುತ್ತದೆ. ಮಾತಾಡುತ್ತಲೇ ಇಡೀ ಕೋಳಿಯ ಮೂಳೆ ಬಿಡಿಸಿಟ್ಟುಬಿಡುತ್ತಾರೆ. ಅಮೆರಿಕದ ಜೂಲಿಯಾ ಪ್ಯಾರಿಸ್ಸಿನ ಕಾರ್ಡಾನ್ ಬ್ಲೂ ಶಾಲೆ ಸೇರಿದ್ದೇ 37ರ ವಯಸ್ಸಿನಲ್ಲಿ. ತಡವಾಗಿ ಕಲಿತವರಾದ್ದರಿಂದ ಹೊಸಬರ ಅಂಜಿಕೆ ಅವರಿಗೆ ಗೊತ್ತು. 1963ರಲ್ಲಿ ಶುರುವಾದ ‘ದ ಫ್ರೆಂಚ್ ಶೆಫ್’ ಸರಣಿಯಲ್ಲಿ ಆಲೂಗಡ್ಡೆಯ ರೊಟ್ಟಿಯನ್ನು ಮಗುಚಲು ಹೋಗಿ ಅರ್ಧ ಒಲೆಕಟ್ಟೆಗೆ ಬಿದ್ದಾಗ, ಅದನ್ನು ಬಾಚಿ ಬಾಣಲೆಗೆ ಹಾಕಿಕೊಂಡು, ಅಡುಗೆಮನೆಯಲ್ಲಿ ಯಾರು ನೋಡುತ್ತಾರೆ ಎಂದು ನಕ್ಕವರು ಅವರು. ಆಮ್ಲೆಟ್ಟಿಗೂ ಎರಡು ಮತ: ಜಾಕ್ ಫೋರ್ಕಿನಿಂದ ಬಿರಬಿರನೆ ಕಲಕಿ ನುಣುಪಾಗಿ ಸುರುಳಿ ಸುತ್ತಿದರೆ, ಜೂಲಿಯಾ ಬಾಣಲೆಯನ್ನೇ ತಮ್ಮತ್ತ ಜಗ್ಗಿ ಜಗ್ಗಿ ಮೊಟ್ಟೆ ತಾನಾಗಿ ಮಡಚಿಕೊಳ್ಳುವಂತೆ ಮಾಡುತ್ತಿದ್ದರು. ಈ ಜುಗಲ್‌ಬಂದಿ ನಡೆದದ್ದು ಸ್ಟುಡಿಯೋದಲ್ಲಲ್ಲ, ಅಮೆರಿಕದ ಕೇಂಬ್ರಿಡ್ಜ್ ಊರಿನ ಜೂಲಿಯಾ ಮನೆಯ ಅಡುಗೆಕೋಣೆಯಲ್ಲೇ. ಎರಡು ವರ್ಷಗಳ ತರುವಾಯ ಆ ಕೋಣೆಯ ಒಲೆ, ಮೇಜು ಮೊದಲಾದ ಬಹುಪಾಲು ಸಾಮಾನುಗಳು ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಗ್ರಹಾಲಯ ಸೇರಿದವು.