ವಂಶ ತಿಳಿಯದ ತಾಳೆಗೆ ವಿರಳತೆಯ ಬೆಲೆ

ಮಲೆನಾಡಿಗರಿಗೆ ತಾಳೆ ಕುಟುಂಬದ ಪರಿಚಯವನ್ನು ಹೊಸದಾಗಿ ಮಾಡಿಕೊಡಬೇಕಾಗಿಲ್ಲ. ತೋಟದ ಅಡಿಕೆ, ತೆಂಗು, ಕಾಡಂಚಿನ ಬೈನೆ, ಗುಡ್ಡದ ಈಚಲು, ಹಳ್ಳದ ದಂಡೆಯ ಬೆತ್ತ ಎಲ್ಲವೂ ಇದೇ ಬಳಗದವು. ಆದರೆ ಈ ಬಳಗದ ಗಿಡಗಳನ್ನು ಅಂಚೆ ಚೀಟಿಗಳಂತೆ ಸಂಗ್ರಹಿಸುವ ಹವ್ಯಾಸವೊಂದು ಜಗತ್ತಿನ ಹಲವೆಡೆ ಬೆಳೆದಿದೆ. ಅಪರೂಪದ ಜಾತಿ, ಅದಕ್ಕಿಂತಲೂ ಅಪರೂಪದ ಸಂಕರ ತಳಿ, ಒಂದೊಂದಕ್ಕೂ ಒಂದೊಂದು ಬೆಲೆ. ಹವ್ಯಾಸದ ಮೇಲೆ ನಮಗೆ ಮುನಿಸಿಲ್ಲ. ಗಿಡದ ವಂಶವನ್ನು ಯಾರೂ ಕೇಳದೆ, ಅದರ ವಿರಳತೆಗೆ ಮಾತ್ರ ಬೆಲೆ ಕಟ್ಟುವ ವ್ಯಾಪಾರವನ್ನು ನಾವು ಪ್ರಶ್ನಿಸುತ್ತಿದ್ದೇವೆ. ಏಕೆಂದರೆ ಅದರ ನಷ್ಟವನ್ನು ಕೊನೆಗೆ ಭರಿಸುವುದು ಕಾಡು ಮತ್ತು ಕೃಷಿಕ.

ಸಂಕರವೆಂಬುದು ಕೃಷಿಕನಿಗೆ ಅಪರಿಚಿತವಲ್ಲ. 1932ರಲ್ಲಿ ನೀಲೇಶ್ವರದ ಸಂಶೋಧನಾ ಕೇಂದ್ರದಲ್ಲಿ ಎತ್ತರದ ತೆಂಗಿಗೂ ಗಿಡ್ಡ ತೆಂಗಿಗೂ ಸಂಕರ ಮಾಡಿದಂದಿನಿಂದ ಈ ವಿದ್ಯೆಗೆ ಒಂದು ಶಿಸ್ತು ಇದೆ. ವಿಟ್ಲದಲ್ಲಿ ಹಿರೇಹಳ್ಳಿ ಗಿಡ್ಡ ಅಡಿಕೆಯನ್ನು ಸುಮಂಗಳ ಮತ್ತು ಮೋಹಿತ್‌ನಗರ ತಳಿಗಳೊಂದಿಗೆ ಸಂಕರಿಸಿದಾಗಲೂ ತಾಯಿ ಯಾವುದು, ಪರಾಗ ಯಾವುದರದು ಎಂಬುದು ದಾಖಲೆಯಲ್ಲಿತ್ತು. ಗಂಡು ಹೂಗಳನ್ನು ಅರಳುವ ಮೊದಲೇ ಕಿತ್ತು, ಹೂಗೊಂಚಲಿಗೆ ಚೀಲ ಕಟ್ಟಿ, ಆರಿಸಿದ ಪರಾಗವನ್ನು ಕೈಯಾರೆ ಸಿಂಪಡಿಸಿದ ಮೇಲೂ ಸಸಿಮಡಿಯಲ್ಲಿ ಮತ್ತೊಂದು ಪರೀಕ್ಷೆ ಕಾದಿರುತ್ತದೆ. ಚಾವಕ್ಕಾಡ್ ಕಿತ್ತಳೆ ಗಿಡ್ಡ ತೆಂಗು ತಾಯಿಯಾಗಿದ್ದರೆ, ಗರಿಯ ದೇಟು ಕಿತ್ತಳೆ ಬಣ್ಣದಲ್ಲಿರುವ ಸಸಿ ಸಂಕರವಲ್ಲವೆಂದು ತಿಳಿದು ಕಿತ್ತೆಸೆಯುತ್ತಾರೆ. ಕಂದು ಛಾಯೆಯ ದೇಟಿನದನ್ನು ಉಳಿಸಿಕೊಳ್ಳುತ್ತಾರೆ. ನಲವತ್ತು ವರ್ಷ ಬಾಳುವ ಮರವನ್ನು ಊಹೆಯ ಮೇಲೆ ನೆಡಲಾಗದು ಎಂಬ ವಿವೇಕ ಇದರ ಹಿಂದಿದೆ.

ಹವ್ಯಾಸಿ ಮಾರುಕಟ್ಟೆಯಲ್ಲಿ ಈ ವಿವೇಕ ಎಷ್ಟಿದೆ? ಈಚಲು ಮತ್ತು ಖರ್ಜೂರಗಳ ಕುಲವಾದ ಫೀನಿಕ್ಸ್ ಅನ್ನೇ ನೋಡೋಣ. ಇದರಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಕುಲದ ಜಾತಿಗಳು ಪರಸ್ಪರ ಸುಲಭವಾಗಿ ಕೂಡಿ ಬೀಜ ಕಟ್ಟುತ್ತವೆ. ನಾಲ್ಕಾರು ಜಾತಿಗಳನ್ನು ಒಟ್ಟಿಗೆ ಬೆಳೆಸಿದ ಉದ್ಯಾನದಲ್ಲಿ ಉದುರಿದ ಬೀಜಕ್ಕೆ ತಾಯಿ ಯಾರೆಂಬುದು ಕಣ್ಣೆದುರಿಗಿದೆ, ತಂದೆ ಯಾರೆಂಬುದು ಗಾಳಿಗೂ ಕೀಟಕ್ಕೂ ಮಾತ್ರ ಗೊತ್ತು. ಅದು ಶುದ್ಧ ಜಾತಿಯ ಹೆಸರಿನಲ್ಲಿ ಮಾರಾಟವಾಗುವುದೂ ಉಂಟು. ಸಸಿಯ ಎಲೆ ತುಸು ಭಿನ್ನವಾಗಿ ಕಂಡರೆ ‘ವಿರಳ ಸಂಕರ’ ಎಂಬ ಪಟ್ಟ ಪಡೆದು ಇಮ್ಮಡಿ ಬೆಲೆಗೆ ಹೋಗುವುದೂ ಉಂಟು. ಎಳೆಯ ತಾಳೆಯ ಎಲೆ ನೆರಳು, ಗೊಬ್ಬರ, ವಯಸ್ಸುಗಳಿಗೆ ತಕ್ಕಂತೆ ಬದಲಾಗುತ್ತದೆ. ಹೂ, ಕಾಯಿ, ಬೀಜಗಳನ್ನು ನೋಡದೆ, ತಾಯಿಮರದ ದಾಖಲೆಯಿಲ್ಲದೆ, ಬರಿಯ ಚಿತ್ರ ನೋಡಿ ಸಂಕರವೆಂದು ತೀರ್ಪು ಕೊಡುವುದು ಜ್ಞಾನವಲ್ಲ, ಜೂಜು.

ತಜ್ಞರೇ ಎಡವುವ ಕ್ಷೇತ್ರವಿದು. ದಕ್ಷಿಣ ಅಮೆರಿಕದ ಬ್ಯೂಟಿಯಾ ತಾಳೆಯೊಂದನ್ನು ಜಗತ್ತಿನ ಉದ್ಯಾನಗಳು ದಶಕಗಳ ಕಾಲ ‘ಕ್ಯಾಪಿಟಾಟ’ ಎಂದು ಕರೆದವು. ಅದು ‘ಓಡೊರಾಟ’ ಎಂಬ ಬೇರೆಯೇ ಜಾತಿಯೆಂದು ಸ್ಪಷ್ಟವಾದದ್ದು 2010ರ ಆಸುಪಾಸಿನಲ್ಲಿ. ಅದೇ ಬ್ಯೂಟಿಯಾವನ್ನು ಸಯಾಗ್ರಸ್ ತಾಳೆಯೊಂದಿಗೆ ಸಂಕರಿಸಿ ಪಡೆದ ಗಿಡಕ್ಕೆ ‘ಹೇಸರಗತ್ತೆ ತಾಳೆ’ ಎಂಬ ಅಡ್ಡಹೆಸರಿದೆ. ಹೇಸರಗತ್ತೆಯಂತೆಯೇ ಅದು ಸಾಮಾನ್ಯವಾಗಿ ಬಂಜೆ. ಪ್ರತಿ ಗಿಡಕ್ಕೂ ಕೈಯಿಂದಲೇ ಪರಾಗಸ್ಪರ್ಶ ಮಾಡಬೇಕಾದ್ದರಿಂದ ಅದರ ಬೆಲೆ ದುಬಾರಿ. ಈ ಬೆಲೆಯನ್ನು ನಾವು ಆಕ್ಷೇಪಿಸುವುದಿಲ್ಲ. ಅಲ್ಲಿ ಶ್ರಮವಿದೆ, ವಂಶಾವಳಿಯಿದೆ. ತೋಟದ ಮೂಲೆಯಲ್ಲಿ ತಾನಾಗಿ ಮೊಳೆತದ್ದಕ್ಕೆ ಅದೇ ಬೆಲೆ ಹೇಳುವುದನ್ನು ಆಕ್ಷೇಪಿಸುತ್ತೇವೆ.

‘ನಮ್ಮ ಉದ್ಯಾನಗಳಿಂದಲೇ ಅಪರೂಪದ ಜಾತಿಗಳು ಉಳಿದಿವೆ’ ಎಂಬುದು ಸಂಗ್ರಾಹಕರ ವಾದ. ಅದರಲ್ಲಿ ಅರ್ಧ ಸತ್ಯವಿದೆ. 2008ರಲ್ಲಿ ಮಡಗಾಸ್ಕರಿನಿಂದ ತಾಹಿನಾ ಎಂಬ ಬೃಹತ್ ತಾಳೆ ವಿಜ್ಞಾನಕ್ಕೆ ಪರಿಚಯವಾಯಿತು. ನಮ್ಮ ಶ್ರೀತಾಳೆಯಂತೆ ಒಮ್ಮೆ ಮಾತ್ರ ಹೂ ಬಿಟ್ಟು ಸಾಯುವ ಮರ. ಆಗ ಕಂಡುಬಂದ ಬೆಳೆದ ಮರಗಳು ನೂರಕ್ಕೂ ಕಡಿಮೆ. ಊರಿನವರ ಒಪ್ಪಿಗೆಯಿಂದ ಬೀಜ ಸಂಗ್ರಹಿಸಿ, ಮಾರಾಟದ ಹಣ ಊರಿಗೇ ಸೇರುವ ಏರ್ಪಾಡು ಮಾಡಲಾಯಿತು. ಬೀಜದ ಮೂಲ ಗೊತ್ತು, ಹಣ ಹೋದ ದಾರಿಯೂ ಗೊತ್ತು. ಹವ್ಯಾಸ ಸಂರಕ್ಷಣೆಯಾಗುವುದು ಹೀಗೆ. ವಂಶ ಕಲಸಿಹೋದ ಉದ್ಯಾನದ ಬೀಜವಾದರೋ ಎಂದಿಗೂ ಕಾಡಿಗೆ ಮರಳಲಾರದು. ಮರಳಿದರೆ ಕಾಡಿಗೇ ಕೇಡು.

ಆ ಕೇಡು ಕಲ್ಪನೆಯದಲ್ಲ. ಕ್ಯಾನರಿ ದ್ವೀಪಗಳಿಗೆ ಅವುಗಳದೇ ಆದ ಫೀನಿಕ್ಸ್ ತಾಳೆಯಿದೆ. ಉದ್ಯಾನಗಳಿಗೆಂದು ಹೊರಗಿನಿಂದ ತಂದು ನೆಟ್ಟ ಖರ್ಜೂರದೊಂದಿಗೆ ಅದು ಸಂಕರಗೊಂಡು, ಶುದ್ಧ ಮೂಲ ಕದಡುತ್ತಿರುವುದು ಅಲ್ಲಿನವರ ಚಿಂತೆಯಾಗಿದೆ. ಇದೇ ಅಲಂಕಾರದ ವ್ಯಾಪಾರದಲ್ಲಿ, ಬೆಳೆದ ಮರಗಳ ಕಾಂಡದೊಳಗೆ ಅಡಗಿ, ನಮ್ಮ ತೆಂಗು ಬೆಳೆಗಾರರಿಗೆ ಚಿರಪರಿಚಿತವಾದ ಕೆಂಪು ಮೂತಿ ಹುಳು 1990ರ ದಶಕದಲ್ಲಿ ಸ್ಪೇನನ್ನು ತಲುಪಿತು. 2005ರಲ್ಲಿ ಕ್ಯಾನರಿಯಲ್ಲೂ ಕಾಣಿಸಿಕೊಂಡಿತು. ಅಲ್ಲಿ ಅದು ನಿರ್ಮೂಲವಾಯಿತೆಂದು ಘೋಷಿಸಲು 2016ರವರೆಗೆ ಕಾಯಬೇಕಾಯಿತು. ನಮ್ಮ ಹುಳು ಅಲ್ಲಿಗೆ ಹೋಗಬಹುದಾದರೆ, ಅಲ್ಲಿನ ರೋಗ ಇಲ್ಲಿಗೆ ಬರಲಾರದೆ? ಶೃಂಗೇರಿ, ಕೊಪ್ಪ, ಸುಳ್ಯದ ಅಡಿಕೆ ತೋಟಗಳು ಹಳದಿ ಎಲೆ ರೋಗದಿಂದ ಈಗಾಗಲೇ ನಲುಗಿವೆ. ಅಂಥ ತೋಟದ ಪಕ್ಕದಲ್ಲಿ, ಎಲ್ಲಿಂದ ಬಂತೆಂದು ತಿಳಿಯದ ತಾಳೆಯನ್ನು ಅಂಗಳದ ಅಂದಕ್ಕೆಂದು ನೆಡುವುದು ನೆರೆಯವನ ಅನ್ನದೊಂದಿಗೆ ಆಡುವ ಆಟ.

ಇನ್ನು ನಮ್ಮ ಕಾಡಿನ ಮಾತು. ಪಶ್ಚಿಮ ಘಟ್ಟವನ್ನು ಬಿಟ್ಟು ಬೇರೆಲ್ಲೂ ಸಹಜವಾಗಿ ಬೆಳೆಯದ ದಡಸಲು, ನಿತ್ಯಹರಿದ್ವರ್ಣ ಕಾಡಿನ ನೆರಳು ಬೇಡುವ ಕಾಡಡಿಕೆ ಇವೆಲ್ಲ ಸಂಗ್ರಾಹಕನ ಪಟ್ಟಿಯಲ್ಲಿ ‘ವಿರಳ’ಗಳೇ. ವಿರಳತೆಗೆ ಬೆಲೆ ಬಂದಾಗ ಗೊನೆಗೊನೆಯಾಗಿ ಬೀಜ ಇಳಿಸಲು ಹಳ್ಳಿಯ ಹುಡುಗನಿಗೆ ಪುಡಿಗಾಸು ಸಿಕ್ಕೀತು. ಆದರೆ ಮರದ ಕೆಳಗೆ ಮುಂದಿನ ಪೀಳಿಗೆ ಹುಟ್ಟದು. ಮರ ನಿಂತೇ ಇರುತ್ತದೆ, ಕಾಡು ಮಾತ್ರ ಒಳಗಿಂದೊಳಗೆ ಮುದಿಯಾಗುತ್ತದೆ.

ಆದ್ದರಿಂದ ನಮ್ಮ ಒತ್ತಾಯ ಇಷ್ಟು. ಸಂಕರವೆಂದು ಮಾರುವವರು ತಾಯಿ, ತಂದೆ, ಪರಾಗಸ್ಪರ್ಶದ ವರ್ಷ, ಸ್ಥಳಗಳನ್ನು ಬರೆದು ಕೊಡಲಿ. ತಿಳಿಯದಿದ್ದರೆ ‘ತಂದೆ ತಿಳಿಯದು’ ಎಂದು ಪ್ರಾಮಾಣಿಕವಾಗಿ ಬರೆಯಲಿ. ಕೊಳ್ಳುವವರು ಆ ಚೀಟಿಯಿಲ್ಲದ ಗಿಡಕ್ಕೆ ಹಣ ಕೊಡದಿರಲಿ. ರೆಸಾರ್ಟು, ಹೋಂಸ್ಟೇಗಳು ಈಚಲು ಗುಡ್ಡಗಳ ಅಂಚಿನಲ್ಲಿ ಪರದೇಶದ ಫೀನಿಕ್ಸ್ ನೆಡುವುದನ್ನು ನಿಲ್ಲಿಸಲಿ. ಜೀವವೈವಿಧ್ಯ ಕಾಯ್ದೆ ಬಂದದ್ದು 2002ರಲ್ಲಿ. ಅದರಂತೆ ಪ್ರತಿ ಪಂಚಾಯತಿಯಲ್ಲೂ ಇರಬೇಕಾದ ಜೀವವೈವಿಧ್ಯ ನಿರ್ವಹಣಾ ಸಮಿತಿ ನಿಮ್ಮೂರಿನಲ್ಲಿ ಕಾಗದದ ಮೇಲೆ ಮಾತ್ರ ಇದ್ದರೆ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ. ವಿದ್ಯಾರ್ಥಿ ಮಿತ್ರರೇ, ನಿಮ್ಮೂರಿನ ಕಾಡಿನಲ್ಲಿರುವ ತಾಳೆ ಜಾತಿಗಳನ್ನು ಅಜ್ಜ ಅಜ್ಜಿಯರು ಕರೆಯುವ ಹೆಸರಿನೊಂದಿಗೆ, ಹೂ ಬಿಡುವ ತಿಂಗಳೊಂದಿಗೆ, ಬೀಜ ತಿನ್ನುವ ಪ್ರಾಣಿಗಳೊಂದಿಗೆ ಜನತಾ ಜೀವವೈವಿಧ್ಯ ದಾಖಲಾತಿಗೆ ಸೇರಿಸಿ.

ನಮ್ಮ ಮರಗಳ ಹೆಸರನ್ನು ನಾವೇ ಬರೆದಿಡದಿದ್ದರೆ, ನಾಳೆ ಅವುಗಳಿಗೆ ಹೆಸರಿಡುವವನು ವ್ಯಾಪಾರಿ. ಅವನು ಬೆಲೆಚೀಟಿಯನ್ನಷ್ಟೇ ಬರೆಯಬಲ್ಲ.