ಹೊಸ ಸೆರೆಮನೆಗಳು ಯಾರಿಗಾಗಿ?

ಸೆರೆಮನೆಗಳಲ್ಲಿ ಕಾಲಿಡಲು ಎಡೆಯಿಲ್ಲವಾಗಿದೆ, ಆದುದರಿಂದ ಹೊಸವನ್ನು ಕಟ್ಟಿಸತಕ್ಕದ್ದೆಂಬ ಮಾತು ಮೇಲಿಂದ ಮೇಲೆ ಕೇಳಿಬರುತ್ತಿರುವುದು. ಮಾತು ನಿರಾಧಾರವಾದುದಲ್ಲ. 2022ನೆಯ ಇಸವಿಯ ಕೊನೆಯ ದಿನ ಭಾರತದ ಸೆರೆಮನೆಗಳಲ್ಲಿ 4,36,266 ಜನರಿಗೆ ಸ್ಥಳವಿರಲು, 5,73,220 ಜನರನ್ನು ತುಂಬಲಾಗಿತ್ತೆಂದು ಸರಕಾರದ ಲೆಕ್ಕವೇ ಹೇಳುತ್ತದೆ. ನೂರು ಜನರ ಜಾಗದಲ್ಲಿ ನೂರ ಮೂವತ್ತೊಂದು ಜನ! ಇದು ಮನುಷ್ಯರನ್ನು ಇಡುವ ರೀತಿಯೇ?

ಆದರೆ ವಾಚಕರು ಅದೇ ಲೆಕ್ಕದ ಇನ್ನೊಂದು ಅಂಕಿಯನ್ನು ನೋಡಬೇಕು. ಆ ದಿನ ಒಳಗಿದ್ದವರಲ್ಲಿ 4,34,302 ಜನರು ವಿಚಾರಣೆಯ ತೀರ್ಪನ್ನು ಕಾಯುತ್ತಿದ್ದವರು. ಅವರು ಅಪರಾಧಿಗಳೆಂದು ಯಾವ ನ್ಯಾಯಾಧೀಶನೂ ಇನ್ನೂ ಹೇಳಿರಲಿಲ್ಲ. ಇದ್ದ ಸ್ಥಳವೆಲ್ಲವನ್ನೂ ಬಹುತೇಕ ಇವರೇ ತುಂಬಬಹುದಾಗಿತ್ತು! ಶಿಕ್ಷೆ ಹೊಂದಿದವರಾದರೋ ಒಂದೂ ಕಾಲು ಲಕ್ಷಕ್ಕಿಂತ ತುಸು ಹೆಚ್ಚು, ಅಷ್ಟೇ.

ಇವರಲ್ಲಿ ಘೋರ ಅಪರಾಧದ ಆರೋಪಿಗಳು ಇಲ್ಲವೆಂದಲ್ಲ. ಆದರೆ ಜಾಮೀನು ಮಂಜೂರಾದ ಮೇಲೂ ಹೊರಬರಲಾರದವರು ಇರುವರು. ಕೂಲಿಯವನಿಗೆ ಹೊಲದ ಪಹಣಿ ಹಿಡಿದು ಜಾಮೀನಾಗಿ ನಿಲ್ಲುವ ನೆಂಟನೆಲ್ಲಿ? ಧನಿಕನಿಗೆ ಒಂದು ದಿನದ ಕೆಲಸವಾದುದು ಇವನಿಗೆ ತಿಂಗಳುಗಟ್ಟಲೆ ಸೆರೆವಾಸವಾಗುವುದು. 1979ರಲ್ಲಿ ಹುಸೇನಾರಾ ಖಾತೂನ್ ಮೊಕದ್ದಮೆಯು ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದಾಗ, ಬಿಹಾರದಲ್ಲಿ ಕೆಲವರು ತಮ್ಮ ಮೇಲಿನ ಆರೋಪಕ್ಕೆ ವಿಧಿಸಬಹುದಾದ ಪೂರ್ಣ ಶಿಕ್ಷೆಗಿಂತಲೂ ಹೆಚ್ಚು ಕಾಲ ಒಳಗೆ ಕೊಳೆಯುತ್ತಿದ್ದುದು ಬಯಲಾಯಿತು. ಶೀಘ್ರ ವಿಚಾರಣೆಯು ಮೂಲಭೂತ ಹಕ್ಕೆಂದು ನ್ಯಾಯಾಲಯವು ಸಾರಿತು. ಸಾರಿ ನಾಲ್ಕು ದಶಕಗಳು ಸಂದುಹೋದವು.

ಈಗ ಕಾಯಿದೆಯ ಬಲವೂ ಇದೆ. 2024ರ ಜುಲೈ 1ರಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ 479ನೆಯ ಕಲಮಿನ ಮೇರೆಗೆ, ಮೊದಲ ಸಲ ಆರೋಪಕ್ಕೆ ಸಿಕ್ಕವನು ಗರಿಷ್ಠ ಶಿಕ್ಷೆಯ ಮೂರನೆಯ ಒಂದು ಪಾಲನ್ನು ಒಳಗೆ ಕಳೆದಿದ್ದರೆ ಬಿಡುಗಡೆಗೆ ಅರ್ಹನು. ಮರಣದಂಡನೆ, ಆಜೀವ ಶಿಕ್ಷೆಗಳ ಆರೋಪವಿದ್ದವರಿಗೆ, ಒಂದಕ್ಕಿಂತ ಹೆಚ್ಚು ಮೊಕದ್ದಮೆಗಳುಳ್ಳವರಿಗೆ ಇದು ಅನ್ವಯಿಸದು. ಕೈದಿಯು ಬೇಡಬೇಕಾಗಿಲ್ಲ, ಸೆರೆಮನೆಯ ಅಧೀಕ್ಷಕನೇ ನ್ಯಾಯಾಲಯಕ್ಕೆ ಅರ್ಜಿ ಬರೆಯತಕ್ಕದ್ದು.

ಬೀಳಲಿರುವ ಕಟ್ಟಡಗಳ ಬದಲಿಗೆ ಹೊಸವು ಬೇಕಾದರೆ ನಮ್ಮ ಅಡ್ಡಿಯಿಲ್ಲ. ಬೆಂಗಳೂರಿನ ಹಳೆಯ ಸೆರೆಮನೆಯು ಇಂದು ಸ್ವಾತಂತ್ರ್ಯ ಉದ್ಯಾನವಾಗಿದೆ; ಆದರೆ ಪರಪ್ಪನ ಅಗ್ರಹಾರದ ವಿಶಾಲವಾದ ಹೊಸ ಸೆರೆಮನೆಯೂ ಮಿತಿಮೀರಿ ತುಂಬಿದುದನ್ನು ಕಂಡಿದ್ದೇವೆ. ಸೆರೆಮನೆಯು ರಾಜ್ಯ ಸರಕಾರದ ವಿಷಯವಾದುದರಿಂದ ದಿಲ್ಲಿಯತ್ತ ಬೊಟ್ಟುಮಾಡುವಂತಿಲ್ಲ. ಗೋಡೆಗಳಿಗೆ ಹಣ ಮಂಜೂರು ಮಾಡುವ ಮೊದಲು ಸರಕಾರವು ಜಿಲ್ಲಾವಾರು ಪಟ್ಟಿಯೊಂದನ್ನು ಶಾಸನಸಭೆಯ ಮುಂದಿಡಲಿ: 479ನೆಯ ಕಲಮಿಗೆ ಅರ್ಹರು ಎಷ್ಟು ಜನ, ಅವರಲ್ಲಿ ಎಷ್ಟು ಜನರ ಪರವಾಗಿ ಅರ್ಜಿ ಹೋಗಿದೆ, ಜಾಮೀನು ದೊರೆತೂ ಹಣವಿಲ್ಲದೆ ಉಳಿದವರು ಎಷ್ಟು. ಪಟ್ಟಿ ಬಂದ ಬಳಿಕ ಇಟ್ಟಿಗೆಯ ಮಾತಾಡೋಣ.